ಮುಧೋಳ–ಜಮಖಂಡಿಯ ಕಬ್ಬಿನ ಸೀಮೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ ಜಿಲ್ಲೆಗೆ ಬರುವ ಪ್ರವಾಸಿಗರಲ್ಲಿ ಬಹುಪಾಲು ಜನ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ನೋಡಿಕೊಂಡು ಹಿಂದಿರುಗುತ್ತಾರೆ. ಅದೇ ಜಿಲ್ಲೆಯ ಪಶ್ಚಿಮ ಮತ್ತು ಉತ್ತರಕ್ಕೆ, ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವೆ ಹಬ್ಬಿರುವ ಮುಧೋಳ, ಜಮಖಂಡಿ, ರಬಕವಿ–ಬನಹಟ್ಟಿ, ತೇರದಾಳ, ಮಹಾಲಿಂಗಪುರ, ಬೀಳಗಿ ಭಾಗವನ್ನು ನೋಡಲು ಬಯಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಈ ಭಾಗವನ್ನು ಸಕ್ಕರೆ ನಾಡು ಎನ್ನುತ್ತಾರೆ. ಇಲ್ಲಿ ಕಬ್ಬು ಎಷ್ಟು ಹಳೆಯದು?

ಕಬ್ಬಿನ ಬೆಳೆ ಹಳೆಯದೇ ಆದರೂ ಇಷ್ಟು ವಿಸ್ತಾರವಾಗಿ ಹಬ್ಬಿದ್ದು ಕಳೆದ ಕೆಲವು ದಶಕಗಳಲ್ಲಿ. ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುತ್ತದೆ. ವರ್ಷವಿಡೀ ನೀರು ಬೇಡುವ ಕಬ್ಬು ಇಂಥ ನೆಲದಲ್ಲಿ ತಾನಾಗಿ ನಿಲ್ಲುವ ಬೆಳೆಯಲ್ಲ. ಹಿಂದೆ ನದಿಯ ದಂಡೆಯಲ್ಲಿ ಮತ್ತು ಬಾವಿಯ ಆಸರೆ ಇದ್ದವರ ಹೊಲಗಳಲ್ಲಿ ಮಾತ್ರ ಕಬ್ಬು ಕಾಣುತ್ತಿತ್ತು. ಉಳಿದ ಎರೆಭೂಮಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ, ಗೋದಿ ಮತ್ತು ಹತ್ತಿ ಬೆಳೆಯುತ್ತಿದ್ದವು. ನೆರೆಯ ಬೆಳಗಾವಿ ಜಿಲ್ಲೆಯ ಉಗಾರದಲ್ಲಿ 1939ರಲ್ಲಿಯೇ ಸಕ್ಕರೆ ಕಾರ್ಖಾನೆ ತಲೆಯೆತ್ತಿತ್ತು. ಘಟಪ್ರಭೆಗೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಜಲಾಶಯ ಕಟ್ಟಿ ಕಾಲುವೆಗಳು ಬಂದ ಮೇಲೆ, ನದಿಗೆ ಅಡ್ಡಲಾಗಿ ಬ್ಯಾರೇಜುಗಳು ನಿಂತು ದಂಡೆಯ ಮೇಲೆ ಪಂಪ್‌ಸೆಟ್ಟುಗಳು ಕುಳಿತ ಮೇಲೆ, ಹಾಗೂ ಮುಧೋಳ, ಸಮೀರವಾಡಿ, ಜಮಖಂಡಿಯ ಸುತ್ತ ಕಾರ್ಖಾನೆಗಳು ಆರಂಭವಾದ ಮೇಲೆ ಕಬ್ಬು ಊರೂರನ್ನು ಆವರಿಸಿತು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಇಲ್ಲಿನ ಹಣ ಕಬ್ಬಿನಿಂದ ಬರುತ್ತದೆ, ಆದರೆ ಇಲ್ಲಿನ ಊಟ, ಹಬ್ಬ, ಹಾಡು, ಹರಕೆ ಎಲ್ಲವೂ ಜೋಳದ ಕಾಲದವು. ಸಕ್ಕರೆ ಸಂಸ್ಕೃತಿ ಎಂಬ ಪ್ರತ್ಯೇಕವಾದ ಒಂದನ್ನು ಹುಡುಕಿಕೊಂಡು ಬಂದವರಿಗೆ ಹೆಚ್ಚೇನೂ ಸಿಗಲಿಕ್ಕಿಲ್ಲ. ಒಣಬೇಸಾಯದ ನಾಡೊಂದು ನೀರಾವರಿಗೆ ಹೊರಳಿಯೂ ತನ್ನ ಹಳೆಯ ಪಂಚಾಂಗವನ್ನು ಹೇಗೆ ಉಳಿಸಿಕೊಂಡಿದೆ ಎಂಬುದನ್ನು ನೋಡಲು ಬಂದವರಿಗೆ ಒಂದು ವಾರವೂ ಸಾಲದು.

ರೈತರೇ ಕಟ್ಟಿದ ಬ್ಯಾರೇಜ್ ಇಲ್ಲಿದೆಯೆಂದು ಕೇಳಿದ್ದೇವೆ. ಅದು ನಿಜವೇ?

ನಿಜ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಬಳಿ ಕೃಷ್ಣಾ ನದಿಗೆ ಅಡ್ಡಲಾಗಿ ನಿಂತಿರುವ ಬ್ಯಾರೇಜ್ ಅದು. ಮಳೆಗಾಲದಲ್ಲಿ ದಂಡೆ ಮೀರಿ ಹರಿಯುವ ಕೃಷ್ಣೆ ಬೇಸಿಗೆಗೆ ಬತ್ತಿಹೋಗುತ್ತಿದ್ದುದರಿಂದ ದಂಡೆಯ ಊರುಗಳಿಗೂ ನೀರಿನ ಬರ ತಪ್ಪುತ್ತಿರಲಿಲ್ಲ. ಸರ್ಕಾರದ ಹಣಕ್ಕೆ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ವಂತಿಗೆ ಹಾಕಿ, ತಾವೇ ದುಡಿದು 1989ರಲ್ಲಿ ಇದನ್ನು ಕಟ್ಟಿ ನಿಲ್ಲಿಸಿದರು. ಅದಕ್ಕೆ ‘ಶ್ರಮಬಿಂದು ಸಾಗರ’ ಎಂಬ ಹೆಸರು ಬಂದಿತು. ‘ಬ್ಯಾರೇಜ್ ಸಿದ್ದು’ ಎಂದೇ ಜನ ಕರೆಯತೊಡಗಿದ ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಿಂದ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಅವರು 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ನೋಡುವುದಕ್ಕೆ ಇದು ಬೃಹತ್ ಅಣೆಕಟ್ಟೇನಲ್ಲ. ಸಾಲಾಗಿ ನಿಂತ ಕಂಬಗಳ ನಡುವೆ ಮಳೆಗಾಲ ಮುಗಿಯುವ ಹೊತ್ತಿಗೆ ಗೇಟುಗಳನ್ನು ಇಳಿಸಿ ನೀರು ನಿಲ್ಲಿಸುತ್ತಾರೆ, ಅಷ್ಟೆ. ಆದರೂ ಈ ಸೀಮೆಯಲ್ಲಿ ಒಂದೇ ಒಂದು ಕಟ್ಟಡವನ್ನು ತೋರಿಸಬೇಕೆಂದರೆ ಅರಮನೆಗಿಂತ ಮೊದಲು ಇದನ್ನು ತೋರಿಸುವುದು ಉಚಿತ. ದಂಡೆಯ ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಕಾಣುವ ಕಬ್ಬಿಗೆ ಕಾರಣವೇನೆಂಬುದು ಅಲ್ಲಿ ನಿಂತಾಗ ತಿಳಿಯುತ್ತದೆ.

ಕಬ್ಬಿನ ಹಂಗಾಮು ಯಾವಾಗ? ಯಾವ ತಿಂಗಳಲ್ಲಿ ಬಂದರೆ ಒಳ್ಳೆಯದು?

ಕಾರ್ಖಾನೆಗಳು ಸಾಮಾನ್ಯವಾಗಿ ಅಕ್ಟೋಬರ್ ಕೊನೆ ಅಥವಾ ನವೆಂಬರಿನಲ್ಲಿ ಕಬ್ಬು ನುರಿಸಲು ತೊಡಗಿ ಫೆಬ್ರುವರಿ, ಮಾರ್ಚಿನವರೆಗೆ ನಡೆಸುತ್ತವೆ. ಗಾಣಗಳು ಬಿಸಿಯಾಗಿರುವುದು, ಜಾತ್ರೆಗಳು ಹೆಚ್ಚಾಗಿ ನಡೆಯುವುದು, ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಕ್ಕಿಗಳು ಬರುವುದು ಎಲ್ಲವೂ ಇದೇ ಅವಧಿಯಲ್ಲಿ. ಡಿಸೆಂಬರ್ ಮತ್ತು ಜನವರಿ ಅತ್ಯಂತ ಹಿತವಾದ ತಿಂಗಳುಗಳು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಆಗ ನಡುಮಧ್ಯಾಹ್ನ ಹೊರಗೆ ತಿರುಗುವುದು ಇಲ್ಲಿನವರಿಗೂ ಆಗದ ಕೆಲಸ.

ಬೆಲ್ಲದ ಗಾಣವನ್ನು ನೋಡಬಹುದೇ? ಅಲ್ಲಿ ಏನು ನಡೆಯುತ್ತದೆ?

ನೋಡಬಹುದು. ಮುಧೋಳ ಮತ್ತು ಮಹಾಲಿಂಗಪುರದ ಸುತ್ತಮುತ್ತ ರಸ್ತೆಯ ಬದಿಯಲ್ಲಿಯೇ ಗಾಣಗಳಿವೆ. ಮಹಾಲಿಂಗಪುರದ ಬೆಲ್ಲದ ಮಾರುಕಟ್ಟೆ ದೊಡ್ಡ ಹೆಸರು ಪಡೆದದ್ದು. ಹೊಗೆಗೂಡಿನಿಂದ ಹೊಗೆ ಏಳುತ್ತಿದ್ದರೆ ಗಾಣ ನಡೆದಿದೆ ಎಂದರ್ಥ. ಯಜಮಾನರನ್ನು ಕೇಳಿ ಒಳಗೆ ಹೋದರೆ ಯಾರೂ ಬೇಡವೆನ್ನುವುದಿಲ್ಲ. ಗಾಣಕ್ಕೆ ಬಂದವರಿಗೆ ಹಾಲು ಕುಡಿಸದೆ, ಬಿಸಿ ಬೆಲ್ಲ ಕೊಡದೆ ಕಳಿಸಬಾರದೆಂಬ ರೂಢಿ ಇನ್ನೂ ಉಳಿದಿದೆ. ಇಲ್ಲಿ ಹಾಲೆಂದರೆ ಕಬ್ಬಿನ ಹಾಲು.

ಕೆಲಸದ ಕ್ರಮ ಹೀಗಿದೆ. ಕಬ್ಬನ್ನು ಗಾಣಕ್ಕೆ ಕೊಟ್ಟು ಹಿಂಡಿದ ಹಾಲನ್ನು ಸೋಸಿ ಅಗಲವಾದ ಕೊಪ್ಪರಿಗೆಗೆ ಬಿಡುತ್ತಾರೆ. ಕೆಳಗಿನ ಒಲೆಗೆ ಬೇರೆ ಸೌದೆ ಬೇಕಿಲ್ಲ, ಹಿಂಡಿದ ಸಿಪ್ಪೆಯನ್ನೇ ಬಿಸಿಲಿಗೆ ಒಣಗಿಸಿ ಉರಿಗೆ ಹಾಕುತ್ತಾರೆ. ಹಾಲು ಕಾಯುತ್ತಿದ್ದಂತೆ ಮೇಲೆ ಕಪ್ಪು ಕೆನೆಯಂಥ ಕೊಳೆ ಏಳುತ್ತದೆ. ಅದನ್ನು ತೆಗೆಯಲು ಬೆಂಡೆಗಿಡದ ಲೋಳೆಯನ್ನೂ ಸ್ವಲ್ಪ ಸುಣ್ಣವನ್ನೂ ಬಳಸುವುದು ಹಳೆಯ ಪದ್ಧತಿ. ಅನಂತರ ಗಂಟೆಗಟ್ಟಲೆ ಕುದಿಸಿ ಪಾಕ ಬಂದಿದೆಯೇ ಎಂದು ನೋಡುತ್ತಾರೆ. ತಣ್ಣೀರಿಗೆ ಒಂದು ಹನಿ ಬಿಟ್ಟಾಗ ಅದು ಗಟ್ಟಿ ಗೋಲಿಯಾದರೆ ಪಾಕ ಬಂದಂತೆ. ಸುಮಾರು 118 ಡಿಗ್ರಿ ಉಷ್ಣತೆಯಲ್ಲಿ ಈ ಹದ ಬರುತ್ತದೆ. ಆದರೆ ಪಾಕ ನೋಡುವವನ ಕೈಯಲ್ಲಿ ಉಷ್ಣಮಾಪಕ ಇರುವುದಿಲ್ಲ, ನೊರೆಯ ಗಾತ್ರ ಮತ್ತು ವಾಸನೆಯಲ್ಲಿಯೇ ಅವನು ಅದನ್ನು ಹೇಳಬಲ್ಲ. ಒಂದು ಗಾಣದ ಬೆಲ್ಲದ ಹೆಸರು ಉಳಿಯುವುದೂ ಕೆಡುವುದೂ ಅವನಿಂದ. ಹದಕ್ಕಿಂತ ಮೊದಲೇ ಇಳಿಸಿದರೆ ಬೆಲ್ಲ ಗಟ್ಟಿಯಾಗದು, ತಡವಾದರೆ ಸೀದು ಕಹಿಯಾಗುತ್ತದೆ. ಹದಕ್ಕೆ ಬಂದ ಪಾಕವನ್ನು ತೊಟ್ಟಿಗೆ ಸುರಿದು ತಿರುವಿ, ಅಚ್ಚುಗಳಿಗೆ ತುಂಬಿ ಪೆಂಟಿ ಕಟ್ಟುತ್ತಾರೆ.

ಕೊಳ್ಳುವವರಿಗೆ ಒಂದು ಮಾತು. ತಿಳಿಹಳದಿ ಬಣ್ಣದ, ಹೊಳೆಯುವ ಬೆಲ್ಲಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚು. ಆ ಬಣ್ಣ ಬರಿಸಲು ಕೆಲವರು ಹೈಡ್ರೋಸ್ ಎಂಬ ರಾಸಾಯನಿಕವನ್ನು ಬೆರೆಸುತ್ತಾರೆ. ಕಂದುಗಪ್ಪು ಬಣ್ಣದ ಬೆಲ್ಲ ನೋಡಲು ಅಷ್ಟು ಚೆಂದವಿಲ್ಲದಿದ್ದರೂ ತಿನ್ನಲು ಅದೇ ಮೇಲು. ಬೆಲೆ ಕಡಿಮೆ ಕೊಟ್ಟು ಒಳ್ಳೆಯ ವಸ್ತು ಪಡೆಯುವ ಅಪರೂಪದ ಅವಕಾಶ ಇದು.

ಸಕ್ಕರೆ ಕಾರ್ಖಾನೆಯ ಒಳಗೆ ಬಿಡುತ್ತಾರೆಯೇ?

ಮೊದಲೇ ಪತ್ರ ಬರೆದು ಅನುಮತಿ ಪಡೆದ ವಿದ್ಯಾರ್ಥಿಗಳ ತಂಡಗಳಿಗೆ ಅವಕಾಶ ಸಿಗಬಹುದು, ಬಿಡಿಯಾಗಿ ಬಂದ ಪ್ರವಾಸಿಗರಿಗೆ ಸಾಮಾನ್ಯವಾಗಿ ಇಲ್ಲ. ಬಾಯ್ಲರ್, ನಡೆಯುವ ಯಂತ್ರಗಳು ಮತ್ತು ಕಾಯಿಸಿದ ರಸದ ನಡುವೆ ಹೊರಗಿನವರು ಓಡಾಡುವುದು ಅಪಾಯಕರ.

ಒಳಗೆ ಹೋಗದಿದ್ದರೂ ತಿಳಿದುಕೊಳ್ಳಬೇಕಾದ ಸಂಗತಿಯೆಂದರೆ, ಇಂದಿನ ಕಾರ್ಖಾನೆ ಬರೀ ಸಕ್ಕರೆ ಮಾಡುವುದಿಲ್ಲ. ಒಂದು ಟನ್ ಕಬ್ಬಿನಿಂದ ಸುಮಾರು ಒಂದು ಕ್ವಿಂಟಲ್ ಸಕ್ಕರೆ ಬರುತ್ತದೆ. ಉಳಿದ ಸಿಪ್ಪೆಯನ್ನು ಉರಿಸಿ ವಿದ್ಯುತ್ ತಯಾರಿಸುತ್ತಾರೆ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಎಥೆನಾಲ್ ತೆಗೆಯುತ್ತಾರೆ, ರಸ ಸೋಸಿದಾಗ ಉಳಿದ ಮಡ್ಡಿ ಗೊಬ್ಬರವಾಗಿ ಹೊಲಕ್ಕೆ ಮರಳುತ್ತದೆ. ಈ ವಿಷಯದಲ್ಲಿ ಶಾಸ್ತ್ರೀಯವಾದ ಆಸಕ್ತಿಯಿರುವವರಿಗೆ ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ.

ಕಬ್ಬಿನ ಬೆಲೆಯ ಹೋರಾಟದ ಸುದ್ದಿ ಪ್ರತಿವರ್ಷ ಕೇಳುತ್ತೇವೆ. ಅದಕ್ಕೆ ಕಾರಣವೇನು?

ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ನ್ಯಾಯಯುತ ಮತ್ತು ಲಾಭದಾಯಕ ಬೆಲೆಯನ್ನು ಗೊತ್ತುಪಡಿಸುತ್ತದೆ. 2024–25ರ ಹಂಗಾಮಿಗೆ ಅದು ಶೇಕಡಾ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 340 ರೂಪಾಯಿ ಇತ್ತು. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಕಟಾವು ಮತ್ತು ಸಾಗಾಣಿಕೆಯ ಖರ್ಚು ಕಳೆದ ಮೇಲೆ ಕೈಗೆ ಬರುವುದೆಷ್ಟು, ಇಳುವರಿಯನ್ನು ಅಳೆಯುವವರು ಯಾರು, ತೂಕದ ಕಾಟಾ ಸರಿಯಾಗಿದೆಯೇ, ಬಾಕಿ ಯಾವಾಗ ಬರುತ್ತದೆ ಎಂಬ ನಾಲ್ಕು ಪ್ರಶ್ನೆಗಳ ಸುತ್ತ ಹೋರಾಟಗಳೆಲ್ಲ ನಡೆಯುತ್ತವೆ. ಹಂಗಾಮಿನ ಆರಂಭದಲ್ಲಿ ರಸ್ತೆ ತಡೆ ಸಾಮಾನ್ಯವಾದ್ದರಿಂದ ಅಕ್ಟೋಬರ್, ನವೆಂಬರಿನಲ್ಲಿ ಪ್ರಯಾಣ ಮಾಡುವವರು ಹಿಂದಿನ ದಿನದ ಪತ್ರಿಕೆ ನೋಡಿಕೊಂಡು ಹೊರಡುವುದು ಒಳ್ಳೆಯದು.

ಹೊಲದಲ್ಲಿ ಕಬ್ಬು ಕಡಿಯುವವರು ಇಲ್ಲಿನವರೇ? ಅವರ ಫೋಟೊ ತೆಗೆಯಬಹುದೇ?

ಹೆಚ್ಚಿನವರು ಹೊರಗಿನಿಂದ ಬಂದವರು. ವಿಜಯಪುರ ಜಿಲ್ಲೆಯ ತಾಂಡಾಗಳಿಂದ, ಬಳ್ಳಾರಿ ಕಡೆಯಿಂದ ಮತ್ತು ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಗ್ಯಾಂಗುಗಳು ಬರುತ್ತವೆ. ಮುಕಾದಮನೊಬ್ಬ ಮುಂಗಡ ಹಣ ಕೊಟ್ಟು ಗಂಡ ಹೆಂಡತಿಯರನ್ನು ಜೋಡಿಯಾಗಿ ಕರೆತರುತ್ತಾನೆ, ಅವರು ಹಂಗಾಮು ಮುಗಿಯುವವರೆಗೆ ಹೊಲದ ಬದಿಯಲ್ಲಿಯೇ ಗುಡಿಸಲು ಹಾಕಿಕೊಂಡಿರುತ್ತಾರೆ. ನಸುಕಿಗೆ ಶುರುವಾದ ಕಡಿತ ಟ್ರೇಲರ್ ತುಂಬುವವರೆಗೆ ನಿಲ್ಲುವುದಿಲ್ಲ. ಈ ಸೀಮೆಯ ಸಿಹಿಯ ಬಗ್ಗೆ ಬರೆಯುವವರು ಇವರನ್ನು ಬಿಟ್ಟುಬಿಡುವುದು ವಾಡಿಕೆಯಾಗಿದೆ, ಅದು ಸರಿಯಲ್ಲ. ಫೋಟೊ ತೆಗೆಯುವ ಮುನ್ನ ಕೇಳಬೇಕು. ಬೇಡವೆಂದರೆ ಅಲ್ಲಿಗೆ ಬಿಡಬೇಕು. ಗುಡಿಸಲ ಮುಂದೆ ಮಕ್ಕಳನ್ನು ನಿಲ್ಲಿಸಿ ತೆಗೆಯುವುದಂತೂ ಬೇಡವೇ ಬೇಡ.

ಮುಧೋಳಕ್ಕೂ ರನ್ನನಿಗೂ ಇರುವ ಸಂಬಂಧವೇನು? ಅಲ್ಲಿ ನೋಡಲು ಏನಿದೆ?

ಹಳೆಗನ್ನಡದ ರತ್ನತ್ರಯರಲ್ಲಿ ಒಬ್ಬನಾದ ರನ್ನ ಹುಟ್ಟಿದ್ದು ಮುದುವೊಳಲಿನಲ್ಲಿ, ಅಂದರೆ ಇಂದಿನ ಮುಧೋಳದಲ್ಲಿ, 949ರಲ್ಲಿ. ಬಳೆಗಾರರ ಮನೆಯ ಹುಡುಗ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಓದಬೇಕೆಂಬ ಹಂಬಲದಿಂದ ಊರು ಬಿಟ್ಟು ದಕ್ಷಿಣಕ್ಕೆ ಹೋಗಿ ಅಜಿತಸೇನಾಚಾರ್ಯರಲ್ಲಿ ಕಲಿತು, ಮರಳಿ ಚಾಲುಕ್ಯ ತೈಲಪನ ಆಸ್ಥಾನ ಸೇರಿ ಕವಿಚಕ್ರವರ್ತಿ ಎನಿಸಿಕೊಂಡ. ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದ. ದುರ್ಯೋಧನನ ಕೊನೆಯ ದಿನವನ್ನು ಹಿಡಿದು ಬರೆದ ‘ಗದಾಯುದ್ಧ’ದಲ್ಲಿ ಭೀಮ ನಾಯಕನೋ ದುರ್ಯೋಧನ ನಾಯಕನೋ ಎಂಬ ಚರ್ಚೆ ಕನ್ನಡದ ತರಗತಿಗಳಲ್ಲಿ ಇಂದಿಗೂ ಮುಗಿದಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಶ್ರೀ ಕವಿರತ್ನ’ ಎಂದು ಕೆತ್ತಿರುವುದನ್ನು ಅವನದೇ ರುಜು ಎಂದು ವಿದ್ವಾಂಸರು ಗುರುತಿಸುತ್ತಾರೆ. ಕವಿಯ ಕಾಲದ ಕಟ್ಟಡಗಳನ್ನು ಮುಧೋಳದಲ್ಲಿ ಹುಡುಕುವ ಅಗತ್ಯವಿಲ್ಲ. ಊರು ಅವನನ್ನು ಇಟ್ಟುಕೊಂಡಿರುವುದು ತನ್ನ ಭವನ, ವೃತ್ತ ಮತ್ತು ಸಂಸ್ಥೆಗಳ ಹೆಸರುಗಳಲ್ಲಿ, ಮತ್ತು ರನ್ನನ ಹೆಸರಿನ ಉತ್ಸವದಲ್ಲಿ.

ಮುಧೋಳ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು, ಜಮಖಂಡಿ ಪಟವರ್ಧನರದು. ಎರಡೂ 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನಗೊಂಡು 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. ಜಮಖಂಡಿಯ ರಾಮತೀರ್ಥ ಗುಡ್ಡದ ಮೇಲಿನ ಅರಮನೆ ಆ ಕಾಲದ ನೆನಪಾಗಿ ಉಳಿದಿದೆ.

ಮುಧೋಳ ತಾಲ್ಲೂಕಿನ ಹಲಗಲಿಯನ್ನು ಇದೇ ಸುತ್ತಿನಲ್ಲಿ ನೋಡಬೇಕು. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದು ಎಲ್ಲರೂ ಆಯುಧ ಒಪ್ಪಿಸಬೇಕೆಂದಾಗ, ಆಯುಧವನ್ನೇ ಬದುಕಾಗಿಸಿಕೊಂಡಿದ್ದ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು, ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಲಾಯಿತು. ಜನ ಕಟ್ಟಿ ಹಾಡಿದ ಆ ಕಾಳಗದ ಲಾವಣಿಯನ್ನು ಮುಂದೆ ಬ್ರಿಟಿಷ್ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ. ಶಾಲೆಯಲ್ಲಿ ಅದನ್ನು ಪದ್ಯವಾಗಿ ಓದಿದವರು ಊರನ್ನು ನೋಡಿದರೆ ಲಾವಣಿಯ ಬಿಸಿ ಬೇರೆಯೇ ಆಗಿ ತಾಗುತ್ತದೆ.

ಮುಧೋಳ ನಾಯಿಯನ್ನು ಎಲ್ಲಿ ನೋಡಬಹುದು? ಕೊಂಡೊಯ್ಯಬಹುದೇ?

ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಉದ್ದ ಮುಖದ, ತೆಳು ನಡುವಿನ, ಓಟಕ್ಕೆ ಹೆಸರಾದ ಈ ಬೇಟೆನಾಯಿಯ ತಳಿಯನ್ನು ಘೋರ್ಪಡೆ ಅರಸರು ಜತನದಿಂದ ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. ಭಾರತೀಯ ಸೇನೆಯೂ ಈ ತಳಿಯ ಮರಿಗಳನ್ನು ಪಡೆದು ಮೀರತ್‌ನಲ್ಲಿ ತರಬೇತಿ ನೀಡಿದೆ. ಸುತ್ತಲಿನ ಹಳ್ಳಿಗಳಲ್ಲಿ ಅನೇಕ ಕುಟುಂಬಗಳು ಮರಿ ಸಾಕಿ ಮಾರುತ್ತವೆ. ಆದರೆ ಇದು ಓಡಲು ಬಯಲು ಬೇಕಾದ ಪ್ರಾಣಿ. ನಗರದ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕಟ್ಟಿಹಾಕುವ ಉದ್ದೇಶವಿದ್ದರೆ ನೋಡಿ ಸಂತೋಷಪಟ್ಟು ಬರಿಗೈಯಲ್ಲಿ ಮರಳುವುದೇ ನಾಯಿಗೆ ಮಾಡುವ ಉಪಕಾರ.

ಕಬ್ಬಿನ ಸೀಮೆಯ ಹಬ್ಬಗಳಲ್ಲಿ ಕಬ್ಬಿಗೆ ಸ್ಥಾನವಿದೆಯೇ?

ದೀಪಾವಳಿಯ ಲಕ್ಷ್ಮೀಪೂಜೆಗೆ ಮತ್ತು ಸಂಕ್ರಾಂತಿಗೆ ಕಬ್ಬಿನ ಜಲ್ಲೆ ಬೇಕೇ ಬೇಕು. ಅದನ್ನು ಬಿಟ್ಟರೆ ಒಕ್ಕಲುತನದ ದೊಡ್ಡ ಹಬ್ಬಗಳೆಲ್ಲ ಮಳೆ ಮತ್ತು ಜೋಳದ ಸುತ್ತಲೇ ಇವೆ. ಜ್ಯೇಷ್ಠ ಮಾಸದ ಕಾರಹುಣ್ಣಿಮೆಯಂದು ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಸಂಜೆ ಊರ ಅಗಸಿಯಲ್ಲಿ ಕರಿ ಹರಿಯುತ್ತಾರೆ, ಅಂದರೆ ಎತ್ತುಗಳನ್ನು ಓಡಿಸಿ ಊರಬಾಗಿಲಿಗೆ ಕಟ್ಟಿದ ತೋರಣವನ್ನು ಹರಿಸುತ್ತಾರೆ. ಬಿಳಿಯ ಎತ್ತು ಮುಂದಾದರೆ ಹಿಂಗಾರಿ ಬೆಳೆ ಚೆನ್ನ, ಕಂದು ಎತ್ತು ಮುಂದಾದರೆ ಮುಂಗಾರಿ ಚೆನ್ನ ಎಂಬ ನಂಬಿಕೆಯಿದೆ. ಮುಂಗಾರಿಯನ್ನೂ ಹಿಂಗಾರಿಯನ್ನೂ ನೆಚ್ಚದ ಕಬ್ಬಿನ ಒಡೆಯರೂ ಅಷ್ಟೇ ಕುತೂಹಲದಿಂದ ಅಗಸಿಯ ಮುಂದೆ ನಿಂತಿರುತ್ತಾರೆ. ಅನಂತರ ಮಣ್ಣೆತ್ತಿನ ಅಮಾವಾಸ್ಯೆ. ಟ್ರ್ಯಾಕ್ಟರ್ ಇರುವ, ಕೊಟ್ಟಿಗೆಯಲ್ಲಿ ಒಂದೂ ಎತ್ತಿಲ್ಲದ ಮನೆಯಲ್ಲಿಯೂ ಅಂದು ಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಶ್ರಾವಣದ ನಾಗರಪಂಚಮಿಗೆ ಅಣ್ಣ ತಮ್ಮಂದಿರು ಹೋಗಿ ತಂಗಿಯರನ್ನು ತವರಿಗೆ ಕರೆತರುತ್ತಾರೆ, ಮರಗಳಿಗೆ ಜೋಕಾಲಿ ಕಟ್ಟುತ್ತಾರೆ, ಮನೆಮನೆಯಲ್ಲಿ ನಾನಾ ಬಗೆಯ ಉಂಡಿ ಕಟ್ಟುತ್ತಾರೆ.

ಹೊರಗಿನವರು ನೋಡಲೇಬೇಕಾದದ್ದು ಎಳ್ಳಮಾವಾಸ್ಯೆ. ಡಿಸೆಂಬರ್ ಅಥವಾ ಜನವರಿಯಲ್ಲಿ, ಜೋಳ ತೆನೆ ಹಾಯುವ ಕಾಲಕ್ಕೆ ಬರುವ ಈ ಅಮಾವಾಸ್ಯೆಯಂದು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಬುತ್ತಿಯ ಅಡಿಗೆಯನ್ನು ಹೊಲದ ತುಂಬ ಚರಗ ಚೆಲ್ಲುತ್ತಾರೆ. ಜೋಳದ ಹೊಲ ಇಲ್ಲದವರು ಕಬ್ಬಿನ ಗದ್ದೆಯಲ್ಲಿಯೇ ಚೆಲ್ಲುತ್ತಾರೆ. ದಾರಿಯಲ್ಲಿ ಹೋಗುವವರನ್ನು ಕರೆದು ಊಟಕ್ಕೆ ಕೂರಿಸುವುದು ಆ ದಿನದ ನಡೆ, ಆದ್ದರಿಂದ ಅಂದು ಊಟದ ವ್ಯವಸ್ಥೆ ಮಾಡಿಕೊಂಡು ಬರಬೇಕಾಗಿಲ್ಲ.

ಬಾಗಲಕೋಟೆಯ ಹೋಳಿಯ ಹೆಸರು ದೂರದವರೆಗೆ ಹಬ್ಬಿದೆ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆಯವರು ಹಲಗಿ ಬಾರಿಸುತ್ತ, ಸೋಗು ಹಾಕುತ್ತ, ಬ್ಯಾರಲ್ಲುಗಳಲ್ಲಿ ಬಣ್ಣ ತುಂಬಿದ ಬಂಡಿಗಳನ್ನು ಹೂಡಿ ಓಣಿಯಿಂದ ಓಣಿಗೆ ಎರಚಾಡುತ್ತ ಹೋಗುತ್ತಾರೆ. ಆಲಮಟ್ಟಿಯ ಹಿನ್ನೀರಿನಿಂದ ಹಳೆಯ ಊರಿನ ಒಂದು ಭಾಗ ಮುಳುಗಿ ಜನ ನವನಗರಕ್ಕೆ ಹೋದ ಮೇಲೂ ಹೋಳಿಗೆ ಮಾತ್ರ ಹಳೆಯ ಊರಿಗೇ ಮರಳುತ್ತಾರೆ.

ಶ್ರೀಕೃಷ್ಣ ಪಾರಿಜಾತ ಎಂದರೇನು? ಈಗಲೂ ಆಡುತ್ತಾರೆಯೇ?

ಆಡುತ್ತಾರೆ. ಮುಧೋಳ, ಜಮಖಂಡಿ, ಗೋಕಾಕ, ಅಥಣಿ ಈ ಸುತ್ತಿನಲ್ಲಿ ಹುಟ್ಟಿ ಬೆಳೆದ ಬಯಲಾಟ ಇದು. ಅಪರಾಳ ತಮ್ಮಣ್ಣ ಮತ್ತು ಕುಲಗೋಡು ತಮ್ಮಣ್ಣ ಇದನ್ನು ಕಟ್ಟಿ ಬೆಳೆಸಿದವರೆಂದು ಪ್ರಸಿದ್ಧರು. ಕೃಷ್ಣ ಪಾರಿಜಾತದ ಹೂವನ್ನು ರುಕ್ಮಿಣಿಗೆ ಕೊಟ್ಟನೆಂದು ಸತ್ಯಭಾಮೆ ಮುನಿಯುತ್ತಾಳೆ. ಕಥೆ ಇಷ್ಟೇ, ಆದರೆ ಆಟ ರಾತ್ರಿಯಿಡೀ ನಡೆಯುತ್ತದೆ. ಸತ್ಯಭಾಮೆಯ ಠೀವಿ, ದೂತಿಯ ಚುಚ್ಚುಮಾತು, ಕೊರವಂಜಿಯ ಕಣಿ, ಭಾಗವತನ ಕೀಟಲೆ ಇವೆಲ್ಲ ಹಾಡು ಮತ್ತು ಮಾತಿನ ನಡುವೆ ಓಲಾಡುತ್ತ ಸಾಗುತ್ತವೆ. ಹಾಡುಗಳಲ್ಲಿ ಶಾಸ್ತ್ರೀಯ ರಾಗಗಳ ನೆರಳಿದೆ, ಮಾತುಗಳಲ್ಲಿ ಅಪ್ಪಟ ಮುಧೋಳದ ಓಣಿಯಿದೆ. ಹೆಣ್ಣು ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ ಬಯಲಾಟದ ಲೋಕದಲ್ಲಿ ಕೌಜಲಗಿ ನಿಂಗಮ್ಮ ಪಾರಿಜಾತವನ್ನು ಆಡಿ ಮನೆಮಾತಾದರು. ಜಾತ್ರೆಯ ಭಿತ್ತಿಪತ್ರದಲ್ಲಿ ಪಾರಿಜಾತವೆಂದು ಕಂಡರೆ ಕಂಬಳಿ ತೆಗೆದುಕೊಂಡು ಹೋಗಬೇಕು. ಒಂದು ಗಂಟೆಗೆ ಇಳಿಸಿದ ವೇದಿಕೆಯ ಪ್ರದರ್ಶನ ನೋಡಿ ತೀರ್ಮಾನಕ್ಕೆ ಬರುವುದು ಆ ಕಲೆಗೆ ಮಾಡುವ ಅನ್ಯಾಯ.

ಇದಲ್ಲದೆ ಕರಡಿ ಮಜಲು, ಸಂಬಾಳ, ಡೊಳ್ಳಿನ ಪದ, ಪುರವಂತಿಕೆ, ಕಲ್ಗಿ ತುರಾಯಿಗಳೆಂಬ ಎರಡು ಪಂಗಡಗಳಾಗಿ ಎದುರುಬದುರು ನಿಂತು ಹಾಡುವ ಗೀಗೀ ಪದ, ಮೊಹರಮ್‌ನಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಹಾಡುವ ರಿವಾಯತ್ ಪದಗಳು ಈ ಭಾಗದಲ್ಲಿ ಜೀವಂತವಾಗಿವೆ. ಜಾತ್ರೆಗಳಲ್ಲಿ ಕುಸ್ತಿ, ಸಂಗ್ರಾಣಿ ಕಲ್ಲು ಎತ್ತುವುದು ಮತ್ತು ಎತ್ತುಗಳ ತೆರಬಂಡಿ ಸ್ಪರ್ಧೆಗೆ ಸೇರುವಷ್ಟು ಜನ ದೇವರ ತೇರಿಗೆ ಸೇರುತ್ತಾರೆಯೇ ಎಂಬ ಅನುಮಾನ ಒಮ್ಮೊಮ್ಮೆ ಬರುತ್ತದೆ.

ಊಟದ ವಿಶೇಷವೇನು? ಎಲ್ಲವೂ ಸಿಹಿಯೇ?

ಅಲ್ಲ, ಊಟ ಖಾರವೇ. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಜುಣಕ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಮೆಣಸಿನ ರಂಜಕ, ಗಟ್ಟಿ ಮೊಸರು. ಕಬ್ಬು ಹರಡಿದ ಮೇಲೆ ಜೋಳವನ್ನು ಪೇಟೆಯಿಂದ ಕೊಳ್ಳುವ ರೈತರು ಹೆಚ್ಚಾಗಿದ್ದಾರೆ, ಆದರೆ ತಟ್ಟೆ ಬದಲಾಗಿಲ್ಲ. ಸಿಹಿಯ ಸಾಲಿನಲ್ಲಿ ಬೆಲ್ಲದ ಹೋಳಿಗೆ, ಶೇಂಗಾ ಹೋಳಿಗೆ, ಗೋದಿ ಹುಗ್ಗಿ ಮತ್ತು ಮಾದಲಿ ಬರುತ್ತವೆ. ಗೋದಿಹಿಟ್ಟಿನ ರೊಟ್ಟಿಯನ್ನು ಸುಟ್ಟು ಪುಡಿ ಮಾಡಿ ಬೆಲ್ಲ ಬೆರೆಸಿದ ಮಾದಲಿಗೆ ಹಾಲು ಮತ್ತು ತುಪ್ಪ ಹಾಕಿಕೊಂಡು ಉಣ್ಣಬೇಕು. ಅಂಗಡಿಯಿಂದ ಕೊಳ್ಳುವುದಾದರೆ ಅಮೀನಗಡದ ಕರದಂಟು ಇದೆ, ಗೋಕಾಕದ ಕರದಂಟೂ ಇದೆ. ಯಾವುದು ಮೇಲು ಎಂದು ಈ ಎರಡು ಊರುಗಳ ನಡುವೆ ನಿಂತು ಕೇಳದಿರುವುದು ಕ್ಷೇಮ.

ಕೂಡಲಸಂಗಮ ಮತ್ತು ಚಿಕ್ಕಸಂಗಮ ಒಂದೇ ಸ್ಥಳವೇ?

ಬೇರೆ ಬೇರೆ. ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಘಟಪ್ರಭೆ ಕೃಷ್ಣೆಯನ್ನು ಸೇರುತ್ತದೆ. ಹುನಗುಂದ ಭಾಗದ ಕೂಡಲಸಂಗಮದಲ್ಲಿ ಸೇರುವುದು ಮಲಪ್ರಭೆ. ಬಸವಣ್ಣನವರು ಓದಿ ಬೆಳೆದದ್ದು ಮತ್ತು ಐಕ್ಯರಾದದ್ದು ಕೂಡಲಸಂಗಮದಲ್ಲಿ. ಚಾಲುಕ್ಯ ಶೈಲಿಯ ಸಂಗಮೇಶ್ವರ ಗುಡಿಯೂ, ಸುತ್ತ ನೀರು ಬಂದರೂ ಮುಳುಗದಂತೆ ಗೋಡೆ ಕಟ್ಟಿ ಕಾಪಾಡಿದ ಐಕ್ಯಮಂಟಪವೂ ಅಲ್ಲಿವೆ. ಜನವರಿಯಲ್ಲಿ ಶರಣಮೇಳ ನಡೆಯುತ್ತದೆ. ಚಿಕ್ಕಸಂಗಮಕ್ಕೆ ಅಷ್ಟು ಜನ ಹೋಗುವುದಿಲ್ಲ. ಆಲಮಟ್ಟಿ ತುಂಬಿದಾಗ ಹಿನ್ನೀರು ಅಲ್ಲಿನ ಗುಡಿಯನ್ನು ಸುತ್ತುವರಿಯುತ್ತದೆ, ಚಳಿಗಾಲದಲ್ಲಿ ನೀರಿನಂಚಿಗೆ ರಾಜಹಂಸ ಮುಂತಾದ ವಲಸೆ ಹಕ್ಕಿಗಳು ಇಳಿಯುತ್ತವೆ. ಕಾಡುಪ್ರಾಣಿಗಳಲ್ಲಿ ಆಸಕ್ತಿಯಿದ್ದವರಿಗೆ ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಕುರುಚಲು ಗುಡ್ಡಗಳಲ್ಲಿ 2016ರಲ್ಲಿ ಘೋಷಿಸಿದ ಯಡಹಳ್ಳಿ ಚಿಂಕಾರ ವನ್ಯಧಾಮವಿದೆ. ಕಬ್ಬು ಮುಟ್ಟದ ನೆಲ ಹೇಗಿತ್ತೆಂಬುದನ್ನು ನೋಡಲು ಅದೇ ಸರಿಯಾದ ಜಾಗ.

ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಇದೇ ಪ್ರವಾಸದಲ್ಲಿ ಸೇರಿಸಬಹುದೇ?

ಸೇರಿಸಬಹುದು, ಆದರೆ ಅವಕ್ಕೆ ಬೇರೆಯೇ ಎರಡು ದಿನ ಇಡಬೇಕು. 578ರ ಮಂಗಳೇಶನ ಶಾಸನವಿರುವ ಬಾದಾಮಿಯ ಮೂರನೆಯ ಗುಹೆ, 634ರ ರವಿಕೀರ್ತಿಯ ಶಾಸನವಿರುವ ಐಹೊಳೆಯ ಮೇಗುಟಿ, 1987ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಪಟ್ಟದಕಲ್ಲು ಇವುಗಳನ್ನು ಅವಸರದಲ್ಲಿ ನೋಡುವುದು ನೋಡದಿರುವುದಕ್ಕೆ ಸಮ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಂದರೆ ಬಾದಾಮಿಯ ಪಕ್ಕದ ಬನಶಂಕರಿ ಜಾತ್ರೆ ಸಿಗುತ್ತದೆ. ವೃತ್ತಿ ನಾಟಕ ಕಂಪನಿಗಳು ಸಾಲಾಗಿ ಡೇರೆ ಹಾಕಿ ರಾತ್ರಿಯಿಡೀ ಆಟ ನಡೆಸುವುದನ್ನು ನೋಡಲು ಈಗ ಉಳಿದಿರುವ ಕೆಲವೇ ಜಾಗಗಳಲ್ಲಿ ಅದೂ ಒಂದು.

ಕಬ್ಬಿನ ಸೀಮೆಯಲ್ಲಿಯೇ ಇರುವ ತೇರದಾಳವನ್ನು ಜನ ಮರೆಯುತ್ತಾರೆ. ಅಲ್ಲಿ ಅಲ್ಲಮಪ್ರಭುವಿನ ಗುಡಿಯೂ 12ನೇ ಶತಮಾನದ ನೇಮಿನಾಥ ಬಸದಿಯೂ ಇವೆ.

ನೇಯ್ಗೆಯ ಬಟ್ಟೆಗಳನ್ನು ಎಲ್ಲಿ ಕೊಳ್ಳಬೇಕು?

ರಬಕವಿ–ಬನಹಟ್ಟಿಯಲ್ಲಿ ಓಣಿ ಹೊಕ್ಕರೆ ಮಗ್ಗದ ಸದ್ದು ಕೇಳುತ್ತದೆ, ಹೆಚ್ಚಿನವು ಈಗ ವಿದ್ಯುತ್ ಮಗ್ಗಗಳು. ಇಳಕಲ್ ಸೀರೆಗೆ ಇಳಕಲ್ಲಿಗೇ ಹೋಗಬೇಕು. ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸಿ ನೇಯುವ ಟೋಪ್ ತೆನಿ ಸೆರಗು ಅದರ ಗುರುತು. ಆ ಸೀರೆಗೆ ಜೋಡಿಯಾಗಿ ಗುಳೇದಗುಡ್ಡದ ಖಣ ಬೇಕು. ಎರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಕೈಮಗ್ಗದ್ದೆಂದು ಹೇಳಿ ವಿದ್ಯುತ್ ಮಗ್ಗದ ಸೀರೆ ಮಾರುವುದು ಎಲ್ಲೆಡೆ ಇರುವುದರಿಂದ, ಸಾಧ್ಯವಾದರೆ ನೇಕಾರರ ಮನೆಯಲ್ಲಿ ಮಗ್ಗ ನೋಡಿಯೇ ಕೊಳ್ಳಿರಿ.

ಕಬ್ಬಿನಿಂದ ನೆಲ ಕೆಡುತ್ತಿದೆ ಎನ್ನುತ್ತಾರಲ್ಲ?

ಅದು ಕಣ್ಣಿಗೆ ಕಾಣುವ ಸಂಗತಿ. ನೀರು ಬಸಿಯದ ಎರೆಭೂಮಿಗೆ ವರ್ಷಗಟ್ಟಲೆ ಕಾಲುವೆಯ ನೀರು ಹಾಯಿಸಿದ್ದರಿಂದ ನದಿದಂಡೆಯ ಅನೇಕ ಹೊಲಗಳು ಉಪ್ಪೇರಿ, ನೀರು ನಿಂತು ಸವಳು–ಜವಳಾಗಿವೆ. ಬಿಸಿಲಿಗೆ ಬಿಳಿಯ ಉಪ್ಪು ಮೇಲೇಳುವ, ಆಪು ಹುಲ್ಲು ಬೆಳೆದ ಹೊಲಗಳನ್ನು ಜಮಖಂಡಿಯ ದಾರಿಯಲ್ಲಿ ನೋಡಬಹುದು. ಬಸಿಗಾಲುವೆ ತೆಗೆದವರು, ಹನಿ ನೀರಾವರಿಗೆ ಹೊರಳಿದವರು, ರವದಿಯನ್ನು, ಅಂದರೆ ಕಬ್ಬಿನ ಒಣಗಿದ ಎಲೆಯನ್ನು, ಸುಡದೆ ಹೊಲದಲ್ಲಿಯೇ ಕೊಳೆಯಲು ಬಿಟ್ಟವರು ನೆಲವನ್ನು ಮರಳಿ ಪಡೆದ ಉದಾಹರಣೆಗಳೂ ಇವೆ. ಇನ್ನೂ ಬಹಳ ಜನ ರವದಿಗೆ ಬೆಂಕಿಯಿಡುವುದರಿಂದ ಹಂಗಾಮಿನಲ್ಲಿ ಸಂಜೆಯ ಗಾಳಿಯಲ್ಲಿ ಹೊಗೆ ಇರುತ್ತದೆ, ಉಸಿರಾಟದ ತೊಂದರೆಯಿರುವವರು ಔಷಧವನ್ನು ಜೊತೆಗಿಟ್ಟುಕೊಳ್ಳಬೇಕು.

ಬರುವುದು ಹೇಗೆ, ಉಳಿಯುವುದೆಲ್ಲಿ?

ಬಾಗಲಕೋಟೆ ಮತ್ತು ಬಾದಾಮಿ ಗದಗ–ಹೋಟಗಿ ರೈಲುಮಾರ್ಗದಲ್ಲಿವೆ. ಬೆಳಗಾವಿ ಕಡೆಯಿಂದ ಬರುವವರಿಗೆ ಕುಡಚಿ ನಿಲ್ದಾಣ ಜಮಖಂಡಿ ಭಾಗಕ್ಕೆ ಅನುಕೂಲ. ವಿಮಾನ ನಿಲ್ದಾಣಗಳು ಹುಬ್ಬಳ್ಳಿ ಮತ್ತು ಬೆಳಗಾವಿಯಲ್ಲಿವೆ. ತಾಲ್ಲೂಕು ಕೇಂದ್ರಗಳ ನಡುವೆ ವಾಯವ್ಯ ಸಾರಿಗೆಯ ಬಸ್ಸುಗಳು ಸಾಕಷ್ಟಿವೆ. ಉಳಿಯಲು ಬಾಗಲಕೋಟೆಯ ನವನಗರ, ಜಮಖಂಡಿ, ಮುಧೋಳಗಳಲ್ಲಿ ಸಾಧಾರಣ ವಸತಿಗೃಹಗಳಿವೆ.

ಸ್ವಂತ ವಾಹನದಲ್ಲಿ ಬರುವವರು ಹಂಗಾಮಿನಲ್ಲಿ ಕತ್ತಲಾದ ಮೇಲೆ ರಸ್ತೆಗೆ ಇಳಿಯದಿರುವುದು ಲೇಸು. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹಿಂದೆ ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದೆ ನಿಧಾನವಾಗಿ ಸಾಗುತ್ತಿರುತ್ತವೆ, ಇಕ್ಕೆಲಕ್ಕೂ ಚಾಚಿದ ಕಬ್ಬು ಹತ್ತಿರ ಹೋಗುವವರೆಗೆ ಕಾಣಿಸುವುದಿಲ್ಲ. ಕಾರ್ಖಾನೆಯ ಗೇಟಿನ ಮುಂದೆ ಸರದಿ ಕಾಯುವ ಬಂಡಿಗಳ ಸಾಲು ಒಮ್ಮೊಮ್ಮೆ ಮುಖ್ಯರಸ್ತೆಯವರೆಗೆ ಬಂದಿರುತ್ತದೆ. ಹಿಂದಿಕ್ಕುವ ಅವಸರ ಬೇಡ, ಮತ್ತು ಓಡುವ ಟ್ರೇಲರಿನಿಂದ ಜಲ್ಲೆ ಎಳೆದುಕೊಳ್ಳುವ ಸಾಹಸವನ್ನು ಮಕ್ಕಳಿಗೆ ಕಲಿಸಬೇಡಿ. ಕಬ್ಬು ಬೇಕಿದ್ದರೆ ಹೊಲದಲ್ಲಿ ಕೇಳಿದರೆ ಸಾಕು, ಒಂದು ಕೇಳಿದವರಿಗೆ ಹೊರೆ ಕಟ್ಟಿ ಕೊಡುತ್ತಾರೆ.